ಬಿಳಿ ದಾಸವಾಳದ ಕಳ್ಳಿ

ಜನ ಯಾಕೆ ಕಳ್ಳರಾಗುತ್ತಾರೆ ಎಂದು ಕೇಳಿದರೆ ಸಾಕು, ಮುರಳಿಮೋಹನ ಊಟ ಬಿಟ್ಟು ಉತ್ತರ ಹೇಳುತ್ತಿದ್ದ. ಕೋಲಾರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಆಸೆ ದೊಡ್ಡದು, ದಾರಿ ಚಿಕ್ಕದು, ಅದಕ್ಕೇ ಕದೀತಾರೆ ಎನ್ನುವನು ಒಂದು ದಿನ. ಎಲ್ಲ ಸಹವಾಸದಿಂದ ಎನ್ನುವನು ಮರುದಿನ. ಡಬ್ಬಿಯಲ್ಲಿ ಒಂದು ಒಬ್ಬಟ್ಟು ಕಡಿಮೆಯಾದರೂ ಅದಕ್ಕೊಂದು ಸಿದ್ಧಾಂತ ತೆಗೆದು ಕೂರುತ್ತಿದ್ದ ಪುಣ್ಯಾತ್ಮ. ಹೋಳೂರಿನಲ್ಲಿ ರಾಗಿ ಬೆಳೆದು ಅವನನ್ನು ಓದಿಸಿದ ತಾಯಿ ಗಂಗರತ್ನಮ್ಮ, ಸೊಪ್ಪು ಬಿಡಿಸುತ್ತಾ "ಹೂಂ ಕಣಪ್ಪ" ಅನ್ನುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಎದುರುಮನೆಯ ಕೋದಂಡರಾಮಪ್ಪ ತಮ್ಮ ಕ್ಯಾಮೆರಾದ ವಿಡಿಯೋವನ್ನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಕಾಂಪೌಂಡಿನೊಳಗೆ ಕೈ ಹಾಕಿ, ಬಿಳಿ ದಾಸವಾಳದ ಕಡ್ಡಿಯನ್ನು ಲಟಕ್ಕನೆ ಮುರಿದು, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾಳೆ. ಮುಖ ಕಾಣದು.

"ಇನ್ಯಾರು, ಅಂಗಳ ಗುಡಿಸೋ ಮುನಿಯಲ್ಲಮ್ಮನೇ" ಎಂದು ಒಬ್ಬರು ಬರೆದರು. "ನಾಳೆಯಿಂದ ಯಾರ ಮನೇಗೂ ಬರೋದು ಬೇಡ" ಎಂದು ಇನ್ನೊಬ್ಬರು. ಆ ಬೀದಿಯ ಅಂಗಳಗಳನ್ನೇ ನಂಬಿಕೊಂಡವಳು ಅವಳು. ಅಷ್ಟೂ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಮುರಳಿ ವಿಡಿಯೋವನ್ನು ಮತ್ತೊಮ್ಮೆ ಹಾಕಿ ನೋಡಿದ. ಎಡಗಾಲು ಎಳೆದು ಹಾಕುವ ಆ ನಡಿಗೆ ಅವನಿಗೆ ಗೊತ್ತಿಲ್ಲದ್ದೇ? ಹಿತ್ತಿಲಿಗೆ ಓಡಿದ. ಅಮ್ಮ ಹಳೇ ಬಕೆಟ್ಟಿಗೆ ಮಣ್ಣು ತುಂಬಿ ಕಡ್ಡಿ ನೆಡುತ್ತಿದ್ದಳು.

"ಅಮ್ಮಾ, ಕೇಳಿದ್ರೆ ಅವ್ರೇ ಕೊಡ್ತಿದ್ರಲ್ಲ!"

"ಅಯ್ಯೋ ನಾಯನಾ, ಕೇಳಿ ತಂದ ಕಡ್ಡಿ ಎಲ್ಲಾದ್ರೂ ಚಿಗುರ್ತದಾ? ಕದ್ದು ತಂದ್ರೇನೇ ಬೇರು ಬಿಡೋದು. ನಮ್ಮತ್ತೆ ಕಾಲದಿಂದ ಹಂಗೇ. ಇದು ನಿನ್ ಯಾವ ಸಿದ್ಧಾಂತದಾಗೆ ಬರ್ತದೆ, ಹೇಳು ನೋಡೋಣ?"

ಮುರಳಿ ಕೈಯಲ್ಲಿದ್ದ ಫೋನು ನೋಡಿದ. ಸುಮ್ಮನಿದ್ದುಬಿಟ್ಟರೆ ಅಮ್ಮನ ಮರ್ಯಾದೆ ಉಳಿಯುತ್ತದೆ ಎಂಬ ಆಸೆಯೂ ಇಣುಕಿತು. ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಗಿ, ಮುನಿಯಲ್ಲಮ್ಮನ ಸುದ್ದಿ ಹೇಳಿಬಿಟ್ಟ.

ಗಂಗರತ್ನಮ್ಮ ಮಣ್ಣುಗೈಯಲ್ಲೇ ಬೀದಿಗಿಳಿದಳು. ಕೋದಂಡರಾಮಪ್ಪನವರ ಗೇಟಿನ ಮುಂದೆ ಆಗಲೇ ನಾಲ್ಕು ಜನ ಸೇರಿ ಮುನಿಯಲ್ಲಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಪೊರಕೆ ಹಿಡಿದು ನಿಂತವಳ ಕಣ್ಣು ತುಂಬಿತ್ತು.

"ಕಡ್ಡಿ ಮುರಿದೋಳು ನಾನು," ಎಂದಳು ಗಂಗರತ್ನಮ್ಮ.

ಎಲ್ಲರೂ ಅವಳ ಮಣ್ಣುಗೈ ನೋಡಿದರು. ಆಮೇಲೆ ಕೋದಂಡರಾಮಪ್ಪ ಹಲ್ಲು ಕಿರಿದರು. "ಅಯ್ಯೋ, ನೀವಾ ಅಮ್ಮಾ! ಗಿಡದ ಕಡ್ಡಿ ಕದ್ದೇ ತರಬೇಕು ಅನ್ನೋ ಶಾಸ್ತ್ರ ಇದೆಯಲ್ಲ. ಇನ್ನೊಂದು ತಗೊಂಡ್ಹೋಗಿ."

"ಇಷ್ಟೊತ್ತು ಕಳ್ಳತನ ಅಂದ್ರಿ, ನಾನು ಅಂದ ತಕ್ಷಣ ಶಾಸ್ತ್ರ ಆಗೋಯ್ತಾ? ಅವಳನ್ನ ಕಳ್ಳಿ ಅಂದ್ರಲ್ಲ, ನನ್ನೂ ಅನ್ನಿ. ಅನ್ನಿ ಸ್ವಾಮಿ, ಕೇಳ್ತೀನಿ."

ಆ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಜನ ತಪ್ಪಿಗಿಂತ ಮೊದಲು ಹಣೆಪಟ್ಟಿ ನೋಡುತ್ತಾರೆ ಎಂದು ಮುರಳಿ ಪ್ರತಿವರ್ಷ ಪಾಠ ಮಾಡಿದ್ದ. ಕಣ್ಣಾರೆ ನೋಡಿದ್ದು ಅವತ್ತೇ. ಕೋದಂಡರಾಮಪ್ಪ ನೆಲ ನೋಡುತ್ತಾ, "ತಪ್ಪಾಯ್ತಮ್ಮ ಮುನಿಯಲ್ಲಮ್ಮ" ಎಂದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂಗಳ ಗುಡಿಸಲು ಹೋದಳು.

ಮರುದಿನ ಬೆಳಿಗ್ಗೆ ಬರಿದಲೆಯಲ್ಲಿ ಬಂದ ಮುನಿಯಲ್ಲಮ್ಮ ಕ್ಯಾಮೆರಾವನ್ನೇ ನೆಟ್ಟಗೆ ನೋಡುತ್ತಾ ದಾಸವಾಳದ ಕಡ್ಡಿಯೊಂದನ್ನು ಲಟಕ್ಕನೆ ಮುರಿದಳು. ಜಗಲಿಯಲ್ಲಿದ್ದ ಕೋದಂಡರಾಮಪ್ಪ, ಅವಳು ಹೋಗುವವರೆಗೂ ಕಾಫಿ ಲೋಟ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನೋಡಿಬಿಟ್ಟರೆ ಕಡ್ಡಿ ಚಿಗುರುವುದಿಲ್ಲವಲ್ಲ!