ಬಾಗಿಲ ಚೌಕಟ್ಟಿನ ಟಿಕಳಿ

ನಮ್ಮ ಮನೆಯ ಬಾಗಿಲ ಚೌಕಟ್ಟು ನನಗಿಂತ ದೊಡ್ಡ ಮುತ್ತೈದೆ. ಅದರ ಒಳಮೈ ತುಂಬ ನನ್ನ ಕೆಂಪು ಟಿಕಳಿಗಳು ಅಂಟಿವೆ. ಹೊರಗೆ ಯಾರದಾದರೂ ಬೈಕ್ ನಿಂತ ಸದ್ದಾದರೆ ಸಾಕು, ಹಣೆಯ ಟಿಕಳಿ ಕಿತ್ತು ಅಲ್ಲಿಗೆ ಅಂಟಿಸಿ, ತಲೆಯ ಮೇಲೆ ಸೆರಗು ಎಳೆದು, ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತೇನೆ.

ಗಂಡ ಭರತ ತೀರಿಕೊಂಡ ಮೇಲೆ ನನಗೆ ವಿಧವಾ ಪಿಂಚಣಿ ಬರುತ್ತದೆ. ಅಥಣಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ ಹಂಗಾಮು ಇದ್ದಷ್ಟು ದಿನ ಮಾತ್ರ. ಉಳಿದ ದಿನ ಒಲೆ ಉರಿಯುವುದು ಆ ಪಿಂಚಣಿಯಿಂದಲೇ. ಅದನ್ನು ಉಳಿಸಿಕೊಳ್ಳುವ ವಿದ್ಯೆ ಕಲಿಸಿದವಳು ಪಕ್ಕದ ಮನೆಯ ಅಕ್ಕವ್ವ. ಅವಳೂ ಪಿಂಚಣಿಯವಳೇ.

"ಹಣಿ ಮ್ಯಾಲೆ ಟಿಕಳಿ, ತಲ್ಯಾಗ ಹೂವು ಕಂಡ್ರ ಇನ್ನೊಂದು ಮದುವಿ ಆಗ್ಯಾಳಂತ ತಪಾಸಣಿ ಸಾಹೇಬ್ರು ಬರಕೊಂಡು ಹೋಗ್ತಾರ. ಹುಷಾರ್ ಇರಬೇಕವಾ ಮನೀಷಾ."

ನನಗೆ ಸಿಟ್ಟು ಬರುತ್ತಿತ್ತು. ಟಿಕಳಿ ನನ್ನ ಅವ್ವ ತೊಟ್ಟಿಲಲ್ಲೇ ಇಟ್ಟದ್ದು, ಭರತ ತಂದುಕೊಟ್ಟದ್ದಲ್ಲ. ಆದರೂ ಮಗಳ ಹೊಟ್ಟೆ ನೆನೆದು ಸುಮ್ಮನಾಗುತ್ತಿದ್ದೆ.

ಮೊನ್ನೆ ಮಗಳು ಮಯೂರಿ ಶಾಲೆಯಿಂದ ಓಡಿಬಂದಳು. ಓಟದ ಸ್ಪರ್ಧೆಯಲ್ಲಿ ಮೊದಲು ಬಂದಿದ್ದಳು. ಕೊರಳಲ್ಲಿ ತಗಡಿನ ಪದಕ. ಓಣಿಯ ಎಲ್ಲ ಮನೆಗೂ ತೋರಿಸಿಯೇ ಬಂದಿದ್ದಳು, ತುಂಟಿ.

"ಅವ್ವಾ, ಇದನ್ನ ಹಾಕ್ಕೊಂಡ ಮಲಗ್ತೀನಿ ನೋಡು," ಎನ್ನುತ್ತಿದ್ದಳು, ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ಪಿಂಚಣಿಯವರ ತಪಾಸಣೆಗೆ ಬಂದ ಕಂದಾಯ ಇಲಾಖೆಯ ತಲಾಟಿಯವರು. ಈ ಸಲ ಹೊಸಬರು.

ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಟಿಕಳಿಯನ್ನು ಚೌಕಟ್ಟಿಗೆ ಅಂಟಿಸಿ, ತಲೆಗೆ ಸೆರಗು ಎಳೆದು ತಿರುಗಿದರೆ, ಮಯೂರಿ ಪದಕ ಕಳಚಿ ಹಿಟ್ಟಿನ ಡಬ್ಬಿಯೊಳಗೆ ತುರುಕುತ್ತಿದ್ದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು, ನನ್ನ ಹಾಗೆಯೇ ತಲೆ ತಗ್ಗಿಸಿ, ಮುಖ ಸಣ್ಣದು ಮಾಡಿಕೊಂಡು ನಿಂತಳು. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಮನೀಷಾಬಾಯಿ ಅಂದ್ರ ನೀವ ಏನ್ರಿ?" ತಲಾಟಿಯವರು ಬಾಗಿಲಲ್ಲಿ ನಿಂತು ಕೇಳಿದರು.

ಚೌಕಟ್ಟಿನ ಟಿಕಳಿ ಕಿತ್ತು ಅವರ ಕಣ್ಣೆದುರೇ ಹಣೆಗೆ ಇಟ್ಟುಕೊಂಡೆ. ಪಿಂಚಣಿ ಹೋದರೆ ಹೋಗಲಿ ಎನ್ನುವ ಧೈರ್ಯವೇನೂ ನನಗಿರಲಿಲ್ಲ.

"ಹೌದ್ರಿ, ನಾನ. ಇಕಿ ನನ್ನ ಮಗಳ್ರಿ. ಇವತ್ತ ಓಡೂದ್ರಾಗ ಪಹಿಲಾ ನಂಬರ್ ಬಂದಾಳ್ರಿ. ಮಯೂರಿ, ಪದಕ ತಂದು ಸಾಹೇಬ್ರಿಗೆ ತೋರಸು."

ಅವಳು ಕದಲಲಿಲ್ಲ. ನನ್ನ ಹಣೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ತೋರಿಸಿದ್ರ ಪಿಂಚಣಿ ಬಂದ್ ಮಾಡ್ತಾರಲ್ಲ ಅವ್ವಾ?"

ತಲಾಟಿಯವರು ಅವಳನ್ನು ನೋಡಿದರು, ಚೌಕಟ್ಟಿನ ಟಿಕಳಿಗಳನ್ನು ನೋಡಿದರು.

"ಮತ್ತ ಮದುವಿ ಆಗೀರೇನ್ರಿ?"

"ಇಲ್ರಿ."

"ಮುಗೀತಲ್ಲ. ಟಿಕಳಿ ನೋಡಾಕ ನಾ ಬಂದಿಲ್ರಿ. ನೀವು ಜೀವಂತ ಅದೀರೋ ಇಲ್ಲೋ, ಅಷ್ಟ ನೋಡಾಕ ಬಂದೀನಿ."

"ಅದೀನ್ರಿ," ಎಂದೆ.

ಮಯೂರಿ ಡಬ್ಬಿಯಿಂದ ಪದಕ ತೆಗೆದು, ಮೆತ್ತಿದ್ದ ಹಿಟ್ಟನ್ನು ನನ್ನ ಸೀರೆಗೇ ಒರೆಸಿ ಕೊರಳಿಗೆ ಹಾಕಿಕೊಂಡಳು. ತಲಾಟಿಯವರು ನನ್ನ ಫೋಟೋ ತೆಗೆಯಲು ಮೊಬೈಲ್ ಎತ್ತಿದರು. ಅವಳು ಹಿಂದಿನಿಂದ ಎಟುಕಿಸಿಕೊಂಡು ನನ್ನ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಜಾರಿಸಿದಳು.

"ಅವ್ವಾ," ಎಂದಳು, "ಈಗ ಮಾರಿ ದೊಡ್ಡದ ಮಾಡು."