ತರಂಗ ಬ್ಯಾಡ, ತಂತಿ ಬ್ಯಾಡ, ತೂತ ಬ್ಯಾಡ

ನಮ್ಮ ಮನೆ ಮಾಲಕರಾದ ದಿಗಂಬರರಾಯರು ಕಿತ್ತೂರು ಕಡೆಯವರು. ಬೈಲಹೊಂಗಲದ ಅಜ್ಜನ ಮನೆಗೆ ಬಂದು ನಲವತ್ತು ವರ್ಷವಾಗಿದ್ದರೂ ಊರಿನ ಹೆಸರು ಕೈಯಲ್ಲಿ ಉಳಿದಿತ್ತು. ಗೋಡೆಯಲ್ಲಿ ಮೊಳೆ ಕಂಡರೆ ಕಿತ್ತರು. ಅಂಗಳದಲ್ಲಿ ಅರಿವೆ ಹಗ್ಗ ಕಂಡರೆ ಕಿತ್ತರು. ನನ್ನ ಅಬ್ಬಾ ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರನ್ನು ತಿಂಗಳು ಮುಗಿಯುವ ಮೊದಲೇ ಕಿತ್ತರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಠಸ್ಸೆ ಹೊಡೆಯಲು ಕಾಗದ ಸಿಗದೆ ಮನುಷ್ಯರ ಮೇಲೆ ಹೊಡೆಯುತ್ತಿದ್ದರು. ಆ ಠಸ್ಸೆಯಲ್ಲಿ ಇದ್ದದ್ದು ಎರಡೇ ಅಕ್ಷರ: ಬ್ಯಾಡ.

ಕೆಳಗಿನ ಮನೆಯಲ್ಲಿ ರಾಯರು ಮತ್ತು ಅವರ ಹೆಂಡತಿ ಇಂದಿರಾಬಾಯಿ, ನನಗೆ ಕಾಕು, ಚಿಕ್ಕಮ್ಮನಿದ್ದಂತೆ. ಮೇಲಿನ ಎರಡು ಕೋಣೆ ನಮ್ಮ ಬಾಡಿಗೆಗೆ. ಸವದತ್ತಿ ರೂಟಿಗೆ ಟೆಂಪೋ ಹೊಡೆಯುವ ಅಬ್ಬಾ ಬುರಾನಸಾಬ, ಅಮ್ಮಿ ದಿಲಶಾದಬಿ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಕೂತ ನಾನು. ನನ್ನ ಹೆಸರು ಹಿನಾ, ಹಿನಾಕೌಸರ. ಹಿನಾ ಅಂದರೆ ಮದರಂಗಿ. ರಾಯರು ಅದನ್ನು ಜಗ್ಗಿ 'ಹೀನಾ' ಅನ್ನುತ್ತಿದ್ದರು. ಒಂದು ದೀರ್ಘ ಹಾಕಿದ್ದಕ್ಕೆ ಮದರಂಗಿಯೂ ಹೋಯಿತು, ಮರ್ಯಾದೆಯೂ ಹೋಯಿತು.

ನಾನು ಮಂದಿಯ ದನಿ ತೆಗೆಯುತ್ತೇನೆ, ಅಂದರೆ ಅವರಂತೆಯೇ ಮಾತಾಡಿ ತೋರಿಸುತ್ತೇನೆ. ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟು, ಕಾಲೇಜಿನ ಪ್ರಿನ್ಸಿಪಾಲರು, ಮೊಸರು ಮಾರುವ ಬೀರವ್ವ, ಯಾರನ್ನೂ ಬಿಟ್ಟವಳಲ್ಲ. ಅಮ್ಮಿಯದು ಒಂದೇ ಮಾತು: "ಮಂದಿ ದನಿ ತಗದ್ರ ಹೊಟ್ಟಿ ತುಂಬತೈತೇನ?"

ಎರಡು ಸಾವಿರದ ಎಂಟರಲ್ಲಿ, ತುಂಬುವ ಹಾದಿಯೊಂದು ಕಂಡಿತು. ಅಮೆರಿಕದ ಡಾಕ್ಟರುಗಳು ಪೇಶಂಟಿನ ಕಥೆಯನ್ನು ಮೂಗಿನಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ನಮ್ಮಂಥವರು ಅದನ್ನು ಕೇಳಿ ಟೈಪ್ ಮಾಡಬೇಕು. ಹುಬ್ಬಳ್ಳಿಯ ಆಫೀಸೊಂದು ಮನೆಯಿಂದಲೇ ಮಾಡುವ ಕೆಲಸ ಕೊಡುತ್ತಿತ್ತು. ಮೊದಲು ಪರೀಕ್ಷೆ: ಹನ್ನೆರಡು ರೆಕಾರ್ಡಿಂಗು, ಶನಿವಾರ ಮಧ್ಯಾಹ್ನ ಒಂದರೊಳಗೆ. ರೆಕಾರ್ಡಿಂಗನ್ನು ಇಳಿಸಿಕೊಳ್ಳುವಂತಿಲ್ಲ, ಇಂಟರ್ನೆಟ್ಟಿನಲ್ಲೇ ಕೇಳುತ್ತ ಟೈಪ್ ಮಾಡಬೇಕು. ಇನ್ನೊಂದು ಸಲ ಪರೀಕ್ಷೆ ಇಲ್ಲ.

ಆ ಡಾಕ್ಟರುಗಳ ಮಾತು ಕಿವಿಗೆ ಹತ್ತುತ್ತಿರಲಿಲ್ಲ. ಆದರೆ ಅವರಂತೆಯೇ ಮೂಗು ಹಿಡಿದು ನಾನೂ ಅಂದು ನೋಡಿದರೆ ಪದ ತಾನಾಗಿ ಬಾಯಲ್ಲಿ ಒಡೆಯುತ್ತಿತ್ತು. ಮೊದಲ ದಿನ ಮಲಕಾಜಪ್ಪನ ಸೈಬರ್ ಕೆಫೆಗೆ ಹೋದೆ. "ಪೇಶಂಟ್ ಡಿನಾಯ್ಸ್ ಚೆಸ್ಟ್ ಪೇನ್" (ಪೇಶಂಟು ಎದೆನೋವಿಲ್ಲ ಅನ್ನುತ್ತಾನೆ) ಎಂದು ನಾಲ್ಕು ಸಲ ನಾಲ್ಕು ಮೂಗಿನಲ್ಲಿ ಅಂದಾಗ ಮಲಕಾಜಪ್ಪ ಎದ್ದು ಬಂದು, "ತಂಗಿ, ನಿನಗ ಎದಿ ನೋವಿದ್ರ ದವಾಖಾನಿಗೆ ಹೋಗು. ಇಲ್ಲಿ ಬಾಕಿ ಮಂದಿ ಎದ್ದು ಹೊಂಟಾರ" ಅಂದ.

ನಮ್ಮದೇ ಕನೆಕ್ಷನ್ ಪಡೆಯೋಣವೆಂದರೆ ಓಣಿಯ ಟೆಲಿಫೋನ್ ಕಂಬದಲ್ಲಿ ಖಾಲಿ ಲೈನೇ ಇರಲಿಲ್ಲ. ಕಾಕುಗೆ ಹೇಳಿದೆ. ಅವರು ದೇವರ ಬತ್ತಿ ಹೊಸೆಯುತ್ತ, "ನಮ್ಮಲ್ಲೆ ಅದ ಅಲ್ಲವಾ. ತಗೊಂಡು ಹೋಗು. ಮಾತು ಕೊಟ್ಟೀನಿ" ಅಂದರು. ರಾಯರ ಪಡಸಾಲೆಯಲ್ಲಿ ಪೇಪರ್ ಓದಲೆಂದು ಇಂಟರ್ನೆಟ್ ಹಾಕಿಸಿದ್ದರು. ಮೋಡೆಮ್ಮಿಗೆ ಕಾಕು 'ಮಡೀಮ್ಮು' ಅನ್ನುತ್ತಿದ್ದರು. ಹೆಸರು ತಪ್ಪಿರಲಿಲ್ಲ, ರಾಯರ ಹೊರತು ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ವೈರ್‌ಲೆಸ್ ಹಾಕಿದ್ರ ಮ್ಯಾಲೆ ಬರತೈತಿ ಕಾಕಾ," ಎಂದು ರಾಯರಿಗೆ ಅಂದೆ.

"ತರಂಗ ಬ್ಯಾಡ. ಗುಬ್ಬಿ ಸಾಯ್ತಾವಂತ ಪೇಪರಿನ್ಯಾಗ ಬಂದದ."

"ನಮ್ಮ ಮನೀ ಗುಬ್ಬಿ ಗೂಡು ಕಿತ್ತವರು ಯಾರ್ರೀ?" ಎಂದು ಒಳಗಿನಿಂದ ಕಾಕು ಕೇಳಿದರು. ರಾಯರಿಗೆ ಕೇಳಿಸಲಿಲ್ಲ. ನಲವತ್ತು ವರ್ಷದಿಂದ ಕೇಳಿಸಿರಲಿಲ್ಲ.

"ಹಂಗಾದ್ರ ಅಂಗಳದಾಗಿಂದ ಒಂದ ತಂತಿ ಎಳಕೋತೀವಿ."

"ತಂತಿ ಬ್ಯಾಡ."

"ಗ್ವಾಡಿಗೆ ಸಣ್ಣದೊಂದು..."

"ತೂತ ಬ್ಯಾಡ! ಎರಡೂವರಿ ಮೊಳದ ಗ್ವಾಡಿ, ನಮ್ಮ ಅಜ್ಜ ಕಟ್ಟಿದ್ದು." ಆಮೇಲೆ ಬೆರಳೆತ್ತಿ ನಕ್ಕರು. "ನೋಡು ಹೀನಾ, ತರಂಗ ಇಲ್ಲದ, ತಂತಿ ಎಳೀದ, ತೂತ ಕೊರೀದ ಒಯ್ಯೂದಿದ್ರ ಧಾರಾಳ ಒಯ್ಯಿ. ಈ ದಿಗಂಬರನ ಮಾತು, ರಿಜಿಸ್ಟರ್ಡ್ ಪೋಸ್ಟ್ ಇದ್ದಂಗ."

ನನಗೂ ಹಟ ಬಂತು. ರಾಮದುರ್ಗದಲ್ಲಿ ವೈರಿಂಗ್ ಕೆಲಸ ಮಾಡುವ ಮಾವನ ಮಗ ಸಾಜಿದ್‌ಗೆ ಫೋನು ಹೊಡೆದೆ. ಬುಧವಾರ ಬಂದ. ಮುಂಬಯಿಯ ಗೆಳೆಯನಿಂದ ತರಿಸಿದ ಎರಡು ಬಿಳಿ ಡಬ್ಬಿಗಳನ್ನು ಚೀಲದಿಂದ ತೆಗೆದ. ಒಂದನ್ನು ಕೆಳಗೆ ಮೋಡೆಮ್ಮಿನ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಮೇಲೆ ನನ್ನ ಕಂಪ್ಯೂಟರಿನ ಪ್ಲಗ್ಗಿಗೆ ಚುಚ್ಚಿದ. ಗೋಡೆಯೊಳಗೆ ಮೊದಲೇ ಇರುವ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟು ಮೇಲೆ ಹತ್ತಿ ಬಂತು.

"ಟೆಂಪೋ ಟಾಪಿನ ಮ್ಯಾಲ ಕುಂತು ಬಂದಂಗ," ಅಂದ ಸಾಜಿದ್. "ಟೆಂಪೋಕೂ ತ್ರಾಸಿಲ್ಲ, ಕ್ಲೀನರಗೂ ಗೊತ್ತಾಗಂಗಿಲ್ಲ."

"ವೈರ್‌ಲೆಸ್ಸೇ ಬ್ಯಾಡ ಅಂದ್ರಲ್ಲೋ ಅವರು."

"ವೈರ್‌ಲೆಸ್ ಅಂದ್ರ ವೈರ ಇಲ್ಲದ್ದು. ಈ ಮನ್ಯಾಗ ಅದು ಹ್ಯಾಂಗ ನಡೀತೈತಿ? ಆದ್ರ ಒಂದ ನೆಪ್ಪಿಡು. ಕಂಬದಿಂದ ಮೂರು ಫೇಜ್ ಬರತಾವು. ಈಗ ಮ್ಯಾಲಿನ ಮನಿ, ಕೆಳಗಿನ ಮನಿ ಎರಡೂ ಒಂದೇ ಫೇಜಿನ್ಯಾಗ ಅದಾವು. ಯಾರರೆ ಫ್ಯೂಜ್ ತಗದು ಮ್ಯಾಲಿಂದು ಬ್ಯಾರೆ ಫೇಜಿಗೆ ಹಾಕಿದ್ರೋ, ಲೈಟ್ ಹತ್ತತಾವು, ಇಂಟರ್ನೆಟ್ ಬರಂಗಿಲ್ಲ. ಡಬ್ಬಿಗೆ ಡಬ್ಬಿ ಮಾತ ಬಿಡತೈತಿ."

ಇದನ್ನು ಅವನು ಮೇಲಿನ ಮನೆಗೆ ಹತ್ತುವ ಪಾವಟಿಗೆಯ ಮೆಟ್ಟಿಲ ಮೇಲೆ ನಿಂತು ಹೇಳಿದ. ಪಾವಟಿಗೆಯ ಬುಡದಲ್ಲಿ ರಾಯರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಗುರುವಾರ ಐದು ರೆಕಾರ್ಡಿಂಗು ಮುಗಿದವು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ನಾಲ್ಕು. ಉಳಿದದ್ದು ಮೂರೇ. ಖುಷಿ ತಡೆಯದೆ ಅಮ್ಮಿಯ ಎದುರು ನಿಂತು, ಧೋತರದ ಚುಂಗು ಹಿಡಿದಂತೆ ಓಢಣಿ ಹಿಡಿದು, ಬೆರಳೆತ್ತಿದೆ. "ತರಂಗ ಬ್ಯಾಡ! ತಂತಿ ಬ್ಯಾಡ! ತೂತ ಬ್ಯಾಡ! ರಿಜಿಸ್ಟರ್ಡ್ ಪೋಸ್ಟ್ ಇದ್ದಂಗ, ಹೀನಾ!"

ಅಮ್ಮಿ ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ಹಿಂತಿರುಗಿದೆ. ಬಾಗಿಲಲ್ಲಿ ರಾಯರು. ಮನುಷ್ಯ ತನ್ನ ದನಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮುಖ ಹೇಗಾಗುತ್ತದೆಂದು ಅಂದು ನೋಡಿದೆ. ಮನೆಗೆ ಕಳ್ಳ ಹೊಕ್ಕವರ ಮುಖ.

"ನನ್ನ ದನಿ ಹಿಂಗದ ಏನು?" ಅಂದರು.

"ಇನ್ನೂ ಸ್ವಲ್ಪ ದಪ್ಪ ಐತ್ರಿ," ಅಂದೆ. ಅನ್ನಬಾರದಿತ್ತು.

"ಯಾ ಅಲ್ಲಾ," ಎಂದು ಅಮ್ಮಿ ಹಣೆ ಹಿಡಿದುಕೊಂಡಳು.

ರಾಯರು ಪ್ಲಗ್ಗಿನ ಡಬ್ಬಿಯನ್ನು ಬಹಳ ಹೊತ್ತು ನೋಡಿದರು. "ಮಾತು ಕೊಟ್ಟೀನಿ. ಮೋಡೆಮ್ ಮುಟ್ಟೂದಿಲ್ಲ, ನಿನ್ನ ಡಬ್ಬೀನೂ ಮುಟ್ಟೂದಿಲ್ಲ. ಆದರ ಫ್ಯೂಜಿನ ಬಗ್ಗೆ ನಾ ಮಾತು ಕೊಟ್ಟಿಲ್ಲ." ಕೆಳಗಿಳಿದು ಮೀಟರ್ ಬೋರ್ಡಿನ ಮುಂದೆ ನಿಂತು, ಕಿತ್ತೂರಿನ ಕೈಯಿಂದ ನಮ್ಮ ಫ್ಯೂಜನ್ನು ಕಿತ್ತು ಬೇರೆ ಫೇಜಿಗೆ ಹಾಕಿದರು. ನಮ್ಮ ಫ್ಯಾನು ತಿರುಗುತ್ತಲೇ ಇತ್ತು. ಡಬ್ಬಿಯ ಹಸಿರು ದೀಪ ಮಾತ್ರ ಆರಿತು.

ಅಬ್ಬಾ ರಾತ್ರಿ ಬಂದು ಕೇಳಿ, "ಹೋಗಿ ಕೈ ಮುಗಿದು ಬಾ ಬೇಟಾ," ಅಂದ.

"ಮುಗೀಯಂಗಿಲ್ಲ. ದನಿ ತಗದಿದ್ದು ತಪ್ಪಾದ್ರ ಅಮೆರಿಕದ ಡಾಕ್ಟರಗೂ ಕೈ ಮುಗೀಬೇಕಾಗತೈತಿ."

ಶನಿವಾರ ಬೆಳಿಗ್ಗೆ ಸಾಜಿದ್‌ಗೆ ಫೋನು ಹಚ್ಚಿದೆ. "ಮ್ಯಾಲ ಎಲ್ಲೆರೆ ಕೆಳಗಿನ ಮೀಟರಿನ ಕರೆಂಟ್ ಐತೇನ ನೋಡು," ಅಂದ. ನೋಡಲು ತಲೆ ಎತ್ತಿದರೆ ಪಾವಟಿಗೆಯ ತುದಿಯಲ್ಲಿ, ನಮ್ಮ ಹೊಸ್ತಿಲ ಮುಂದೆಯೇ ತೂಗುತ್ತಿತ್ತು: ಪಾವಟಿಗೆ ದೀಪ! ಅದು ರಾಯರ ಮೀಟರಿನದು, ಬಟನ್ನು ಕೆಳಗೆ ಪಡಸಾಲೆಯಲ್ಲಿ. ಹಗಲು ಹೊತ್ತು ಹಚ್ಚಬಾರದೆಂದು ಬಟನ್ನಿನ ಮೇಲೆ ಸುಣ್ಣದಲ್ಲಿ 'ಬ್ಯಾಡ' ಎಂದು ಬರೆದಿದ್ದರು.

ಸ್ಟೂಲು ಹಾಕಿ ಹತ್ತಿ ಬಲ್ಬು ತೆಗೆದೆ. ಹೋಲ್ಡರಿಗೆ ಸಿಗಿಸುವ ಎರಡು ಪಿನ್ನಿನ ಪ್ಲಗ್ ಅಂಗಡಿಯಿಂದ ತಂದು ಹಾಕಿದೆ, ಅದಕ್ಕೆ ಡಬ್ಬಿ ಚುಚ್ಚಿದೆ. ಡಬ್ಬಿಯಿಂದ ಕಂಪ್ಯೂಟರಿಗೆ ಹತ್ತು ಮೊಳದ ಕೇಬಲ್ಲು. ಗೋಡೆಗೆ ತಂತಿ ತಾಗುವಂತಿಲ್ಲವಲ್ಲ, ಅಮ್ಮಿಯನ್ನು ಹೊಸ್ತಿಲಲ್ಲಿ ಕೂರಿಸಿ ಕೇಬಲ್ಲನ್ನು ಅವಳ ಹೆಗಲ ಮೇಲಿಂದ ತಂದೆ.

"ನನ್ನ ಕಂಬ ಮಾಡಿದಿ," ಅಂದಳು ಅಮ್ಮಿ. ಆದರೆ ಅಲ್ಲಾಡಲಿಲ್ಲ.

ಇನ್ನು ಬಟನ್ನು. ಕೆಳಗಿಳಿದೆ. ಹನ್ನೊಂದು ಗಂಟೆ. ಕಾಕು ಮಡಿಯಲ್ಲಿದ್ದರು, ಒದ್ದೆ ಸೀರೆ ಉಟ್ಟು ನೈವೇದ್ಯದ ಅಡುಗೆ ನಡೆದಿತ್ತು. ಆ ಹೊತ್ತಿನಲ್ಲಿ ಅವರನ್ನು ರಾಯರೂ ಮುಟ್ಟುವಂತಿಲ್ಲ. ಅಡುಗೆಮನೆಯ ಬಾಗಿಲಿನಿಂದ ದೂರ ನಿಂತು ಎಲ್ಲ ಹೇಳಿದೆ.

"ಎಷ್ಟು ಹೊತ್ತು ಬೇಕು?"

"ಒಂದು ಗಂಟಿ ತನಕ ಕಾಕು."

ಅವರು ಒಲೆ ಸಣ್ಣ ಮಾಡಿದರು. ಪಡಸಾಲೆಗೆ ಬಂದು, ಮಡಿಯ ಬೆರಳಿನಿಂದಲೇ ಬಟನ್ ಒತ್ತಿ, ಅದಕ್ಕೆ ಬೆನ್ನು ಹಚ್ಚಿ ನಿಂತರು. ಮೇಲಿನಿಂದ ಅಮ್ಮಿ ಕೂಗಿದಳು: "ಹಸರ ಹತ್ತಿತು!"

ಹತ್ತನೇ ರೆಕಾರ್ಡಿಂಗು ಮುಗಿಸಿ ಹನ್ನೊಂದನೆಯದರ ನಡುವೆ ಇದ್ದಾಗ ಗೇಟು ಕಿರುಗುಟ್ಟಿತು. ರಾಯರು ಪೇಟೆಯಿಂದ ಬಂದರು. ಒಂದು ಕಿವಿಗೆ ಅಮೆರಿಕದ ಡಾಕ್ಟರು, ಇನ್ನೊಂದು ಕಿವಿಗೆ ಕಿತ್ತೂರಿನ ರಾಯರು.

"ಇದೇನು, ಹಗಲ ಹೊತ್ತಿನ್ಯಾಗ ಪಾವಟಿಗಿ ಬಟನ್ ಹಾಕ್ಯಾರ? ಸರಿ ಅತ್ತಾಗ."

"ಮುಟ್ಟಬ್ಯಾಡ್ರಿ. ಮಡಿಯೊಳಗ ಇದ್ದೀನಿ."

"ಮಡಿಯವರು ಅಡಗಿ ಮನ್ಯಾಗ ಇರಬೇಕು."

"ಯಾವ ಪುಸ್ತಕದಾಗ ಬರದಾರ? ಮಡಿ ಇರೂದು ಮೈಮ್ಯಾಲೆ, ಮನೀ ಮ್ಯಾಲಲ್ಲ."

ಹೆಡ್‌ಫೋನಿನಲ್ಲಿ ಡಾಕ್ಟರು, "ಪೇಶಂಟ್ ಡಿನಾಯ್ಸ್..." ಅನ್ನುತ್ತಿದ್ದ. ಕೆಳಗೆ ಇಂದಿರಾಬಾಯಿ ಡಿನಾಯ್ಸ್, ನಲವತ್ತು ವರ್ಷದ ಬಾಕಿಯನ್ನೆಲ್ಲ ಸೇರಿಸಿ.

"ಊಟದ ಹೊತ್ತಾತು," ರಾಯರ ದನಿ ಸ್ವಲ್ಪ ಇಳಿದಿತ್ತು.

"ಆ ಹುಡುಗಿ ಕೆಲಸ ಮುಗೀತಂದ್ರ ಎಲಿ ಹಾಕತೀನಿ. ನಾನೂ ಮಾತು ಕೊಟ್ಟೀನ್ರಿ. ನಿಮ್ಮ ಮಾತು ರಿಜಿಸ್ಟರ್ಡ್ ಪೋಸ್ಟು, ನನ್ನ ಮಾತೇನು ಹರಕು ಪೋಸ್ಟ್‌ಕಾರ್ಡ?"

"ಇದು ನನ್ನ ಮನಿ, ಇಂದಿರಾ!"

"ಗ್ವಾಡಿ ನಿಮ್ಮವು. ಗ್ವಾಡಿಯೊಳಗ ಹರಿಯೂದು ಯಾರಪ್ಪಂದೂ ಅಲ್ಲ."

ಆಮೇಲೆ ಕುರ್ಚಿ ಎಳೆದ ಸಪ್ಪಳ. ರಾಯರು ಕುಳಿತಿರಬೇಕು. ಒಬ್ಬರು ನಿಂತು, ಒಬ್ಬರು ಕೂತು, ನಡುವೆ ಎರಡು ಮೊಳ ಮಡಿ. ಆ ಎರಡು ಮೊಳವನ್ನು ದಾಟಲು ಎರಡೂವರೆ ಮೊಳದ ಗೋಡೆ ಕಟ್ಟಿದವರ ಮೊಮ್ಮಗನಿಗೆ ಆಗಲಿಲ್ಲ.

ಹನ್ನೆರಡನೆಯ ಡಾಕ್ಟರು ಬಾಯಲ್ಲಿ ಏನೋ ಅಗಿಯುತ್ತ ಮಾತಾಡಿದ್ದ. ಬಾಯಿಗೆ ಬೆಲ್ಲದ ಚೂರು ಹಾಕಿಕೊಂಡು ಹಾಗೆಯೇ ಅಂದು ನೋಡಿದೆ, ಪದ ಸಿಕ್ಕಿತು. ಒಂದಕ್ಕೆ ಏಳು ನಿಮಿಷ ಇರುವಾಗ ಕಳಿಸಿದೆ. ಸ್ವೀಕರಿಸಿದ್ದೇವೆ ಎಂಬ ಸಾಲು ಪರದೆಯ ಮೇಲೆ ಬಂತು.

"ಕಾಕೂ, ಹೋತು!"

"ಎಲಿ ಹಾಕತೀನಿ, ಕೈ ತೊಳೀರಿ," ಎಂದು ಕೆಳಗಿನಿಂದ ಉತ್ತರ ಬಂತು. ಅದು ನನಗಲ್ಲ.

ಮಂಗಳವಾರ ಹುಬ್ಬಳ್ಳಿಯಿಂದ ಇಮೇಲು: ಸೋಮವಾರದಿಂದ ಕೆಲಸಕ್ಕೆ ಸೇರಬಹುದು. ಅಮ್ಮಿ ನನ್ನ ಬಾಯಿಗೆ ಸಕ್ಕರೆ ಹಾಕಿ, "ಈ ಬಾಯಿಗೂ ಒಂದು ನೌಕರಿ ಸಿಕ್ಕಿತಲ್ಲ," ಅಂದಳು. ಪಾವಟಿಗೆ ದೀಪ ಅಂದಿನಿಂದ ಹಗಲೆಲ್ಲ ಹತ್ತಿಯೇ ಇರುತ್ತದೆ, ಬಲ್ಬು ಇಲ್ಲದೆ. ಕಾಕು ಅಡುಗೆಗೆ ಹೋಗುವ ಮೊದಲು ಬಟನ್ ಒತ್ತಿ ಹೋಗುತ್ತಾರೆ. ಮಡಿಯವರು ಮುಟ್ಟಿದ್ದನ್ನು ಆರಿಸಲು ರಾಯರಿಗೆ ಧೈರ್ಯವಿಲ್ಲ.

ಆದರೆ ಅವರೂ ಸುಮ್ಮನೆ ಕೂರುವವರಲ್ಲ. ಬುಧವಾರ ಬೆಳಿಗ್ಗೆ ಪಾವಟಿಗೆಯ ಬುಡದ ಗೋಡೆಯ ಮೇಲೆ ಸುಣ್ಣದಲ್ಲಿ ಹೊಸ ಕಾಯಿದೆ ಬಂದಿತ್ತು. ತರಂಗ ಬ್ಯಾಡ, ತಂತಿ ಬ್ಯಾಡ, ತೂತ ಬ್ಯಾಡ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: ದನಿ ತಗೀಬ್ಯಾಡ.

ನಾನು ಸೊಂಟದ ಮೇಲೆ ಕೈ ಇಟ್ಟು ಗಟ್ಟಿಯಾಗಿ ಓದಿದೆ, ನಾಲ್ಕೂ ಸಾಲು. ಓದಿದ್ದು ಅವರದೇ ದನಿಯಲ್ಲಿ. ಈ ಸಲ ಸ್ವಲ್ಪ ದಪ್ಪ ಮಾಡಿ.

ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತ ರಾಯರ ಬೆನ್ನು ನೆಟ್ಟಗಾಯಿತು. ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಕಾಕು ಕೂಗಿ ಹೇಳಿದರು:

"ಕೇಳಿಸ್ತ್ರೀ! ಆದರ ಆಕಿಗೆ ಬ್ಯಾಡ ಅನ್ನಲಿಕ್ಕೆ ನಾ ಒಲ್ಲೆ!"