ಗಿರಣಿಗೆ ಹೋದ ಮರಳುಮೂಟೆ

"ಏನ್ಲೇ ಬೋಸುಡಿ, ಮರಳು ಒರಕ್ಕೆ ಬಂದ್ಯಾ, ಸೊಂಟ ಕುಣ್ಸಕ್ಕೆ ಬಂದ್ಯಾ?"

ಪಟೇಲ ಶ್ರೀರಾಮಪ್ಪ ಛತ್ರಿಯ ಕೆಳಗಿಂದ ಗದರಿದ. ಅಕ್ಕಯ್ಯಮ್ಮ ಮಂಕರಿಯ ಮರಳನ್ನು ಮೂಟೆಗೆ ಸುರಿದು, ಬೈಗುಳ ನುಂಗಿಕೊಂಡು ಮತ್ತೆ ಹಳ್ಳಕ್ಕಿಳಿದಳು. ಮೂಟೆ ತುಂಬುತ್ತಿದ್ದುದು ತಮ್ಮ ಕೇರಿಗಾಗಿಯೇ ಅಲ್ಲವೇ?

ಬಿರುಗಾಳಿ ಮಳೆಗೆ ಕೆರೆ ತುಂಬಿ, ಅದರ ಏರಿ ಜಿನುಗುತ್ತಿತ್ತು. ಏರಿಯ ಬುಡದಲ್ಲೇ ಕೇರಿ. ನಡೆಯಲಾಗದ ಅತ್ತೆ ಪಾಪಕ್ಕನನ್ನು ಹೊತ್ತುಕೊಂಡು ಉರಿಗಾಂ ಗಣಿಯ ಕೂಲಿ ಲೈನಿನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಡೋಣವೆಂದು ಅವಳು ಬೆಳಿಗ್ಗೆಯೇ ಗಂಟು ಕಟ್ಟಿದ್ದಳು. ಬಂಗಾರಪೇಟೆಯಿಂದ ಜೀಪಿನಲ್ಲಿ ಬಂದ ಅಮಲ್ದಾರರು ತಡೆದಿದ್ದರು.

"ಸರ್ಕಾರ ಎಲ್ಲ ಸಿದ್ಧ ಮಾಡಿದೆಯಮ್ಮ. ಈ ಮೂಟೆ ಏರಿಗೆ ಒಡ್ಡಿದರೆ ಭಯವಿಲ್ಲ. ಯಾರೂ ಮನೆ ಬಿಡಬೇಡಿ."

ಅಧಿಕಾರಿಯೊಬ್ಬರು ಅವಳನ್ನು ಅಮ್ಮ ಎಂದದ್ದು ಅದೇ ಮೊದಲು. ಅವಳು ಗಂಟು ಬಿಚ್ಚಿದ್ದಳು.

ಮಧ್ಯಾಹ್ನ ಮೂಟೆ ತುಂಬಿದ ಗಾಡಿಗಳು ಏರಿ ಹತ್ತಲಿಲ್ಲ. ಪಟೇಲನ ಅಕ್ಕಿ ಗಿರಣಿಯ ಕಡೆ ತಿರುಗಿದವು. ಅಕ್ಕಯ್ಯಮ್ಮ ಅವುಗಳ ಹಿಂದೆ ಬರುತ್ತಿದ್ದ ಅಮಲ್ದಾರರ ಜೀಪಿಗೆ ಅಡ್ಡ ನಿಂತಳು.

"ಸಾಮೀ, ಏರಿ ಆ ಕಡೆ ಐತೆ!"

"ಗಿರಣಿಯಲ್ಲಿ ಸರ್ಕಾರದ ಅಕ್ಕಿ ಇದೆ. ಮೊದಲು ಅದು," ಎಂದರು ಅಮಲ್ದಾರರು, ಬೇರೆ ಕಡೆ ನೋಡುತ್ತ.

"ಅಕ್ಕಿಗಿಂತ ಎಚ್ಚಾ ಆಗೋದ್ರೇನ್ಲೇ ನೀವು? ಸರ್ಕೊಳೇ ಆ ಕಡೆ!" ಎಂದ ಪಟೇಲ.

ಅವಳು ಕೇರಿಗೆ ಓಡಿದಳು. ಅರ್ಧ ದಾರಿಯಲ್ಲಿರುವಾಗಲೇ ಏರಿ ಗುಡುಗಿದಂತೆ ಒಡೆಯಿತು. ಹುಣಸೆಮರ ಹತ್ತಿದವರು ಉಳಿದರು. ಪಾಪಕ್ಕ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ, ಕುಸಿದ ಗೋಡೆಯಡಿ, ಬಾಯಿ ತುಂಬ ಕೆಸರು.

ಜೀಪು ಮತ್ತೆ ಬಂತು. ಅಮಲ್ದಾರರು ಮೂಗಿಗೆ ಕರವಸ್ತ್ರ ಹಿಡಿದು ಇಳಿದರು, ಹಿಂದೆಯೇ ಪಟೇಲನೂ. "ಮೇಲಿನವರು ನೋಡೋಕೆ ಬರ್ತಿದ್ದಾರೆ. ಹೆಣ ಬೇಗ ಮಣ್ಣು ಮಾಡಿ."

"ಎಲ್ಲಿ ಸಾಮಿ? ನಮ್ ಗೋರಿಜಾಗ ನೀರಾಗೈತೆ," ಎಂದ ಅವಳ ಗಂಡ ಮುನಿಶಾಮಿ.

ಅಮಲ್ದಾರರು ಕೈಗಡಿಯಾರ ನೋಡಿಕೊಂಡರು. ಅಕ್ಕಯ್ಯಮ್ಮ ಅತ್ತೆಯ ಕಂಕುಳಿಗೆ ಕೈ ಹಾಕಿದಳು. "ಕಾಲ್ ಇಡ್ಕೊಳಯ್ಯ," ಎಂದಳು ಗಂಡನಿಗೆ. ಇಬ್ಬರೂ ಹೆಣ ಎತ್ತಿ ತಂದು ಜೀಪಿನ ಮುಂದಿನ ಸೀಟಿನಲ್ಲಿ, ಅಮಲ್ದಾರರ ಜಾಗದಲ್ಲಿ ಕೂರಿಸಿದರು. ಡ್ರೈವರು ಕೆಳಕ್ಕೆ ಹಾರಿದ.

"ಮನೆ ಬಿಡಬ್ಯಾಡ್ರಿ ಅಂದ್ರಿ, ಬಿಡ್ನಿಲ್ಲ. ಈಗ ನೀವೇ ಕರ್ಕೊಂಡೋಗಿ. ಒಣಗಿರೋ ಮಣ್ಣು ನಿಮ್ಮತ್ರನೇ ಐತೆ."

"ಇಳ್ಸೇ, ಮುಂಡೆ!" ಎಂದು ಪಟೇಲ ಅಬ್ಬರಿಸಿ ಕೇರಿಯವರತ್ತ ತಿರುಗಿದ. "ಏನ್ರೋ ನೋಡ್ತಾ ನಿಂತಿದ್ದೀರ? ಎತ್ರೋ ಅದನ್ನ!"

ಯಾರೂ ಅಲುಗಲಿಲ್ಲ. ಅಕ್ಕಯ್ಯಮ್ಮ ಸೀಟಿನ ಪಕ್ಕ ನಿಂತು, ಸೆರಗಿನ ತುದಿಯಿಂದ ಅತ್ತೆಯ ಬಾಯಿಯ ಕೆಸರು ತೆಗೆಯತೊಡಗಿದಳು.